ಅಮೆರಿಕದ ಆಟ, ಅವರವರ ಹಟ

2023ರ ಮಾರ್ಚ್ 11ರಂದು ಟೋಕಿಯೋ ಡೋಮ್‌ನಲ್ಲಿ ನಡೆದ ದೇಶಗಳ ನಡುವಿನ ಪಂದ್ಯಾವಳಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಎಸೆದ ಚೆಂಡಿಗೆ ಶೋಹೇ ಒಹ್ತಾನಿ ಔಟಾದರು. ಬೇಸ್‌ಬಾಲಿನಲ್ಲಿ ಈಗ ಒಹ್ತಾನಿಯ ಸಾಟಿ ಇನ್ನೊಬ್ಬರಿಲ್ಲ. ಚೆಂಡೆಸೆಯುವುದರಲ್ಲೂ ಅವರೇ, ಬ್ಯಾಟ್ ಬೀಸುವುದರಲ್ಲೂ ಅವರೇ. ಅದೇ ವರ್ಷದ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಕೊಡಲು ಒಪ್ಪಿ ಅವರನ್ನು ಕರೆದುಕೊಂಡಿತು. ಅವರನ್ನು ಔಟ್ ಮಾಡಿದ ಓಂದ್ರೇ ಸತೋರಿಯಾ ಜೆಕ್ ಗಣರಾಜ್ಯದವರು. ವಾರದ ದಿನಗಳಲ್ಲಿ ವೈರಿಂಗ್ ಕೆಲಸ, ಬಿಡುವಿದ್ದಾಗ ಬೇಸ್‌ಬಾಲ್. ಅವರ ತಂಡದಲ್ಲಿ ಅಗ್ನಿಶಾಮಕ ದಳದವರಿದ್ದರು, ಮೇಷ್ಟರಿದ್ದರು. ತಂಡದ ಮ್ಯಾನೇಜರ್ ನರರೋಗ ತಜ್ಞ. ಗಂಟೆಗೆ 160 ಕಿ.ಮೀ. ವೇಗದ ಚೆಂಡುಗಳನ್ನು ಎದುರಿಸಿ ಪಳಗಿದ ಒಹ್ತಾನಿಗೆ ಸತೋರಿಯಾ ಎಸೆದದ್ದು 115ರ ಆಸುಪಾಸಿನ ನಿಧಾನದ ಚೆಂಡು. ಒಹ್ತಾನಿ ಮುಂಚೆಯೇ ಬ್ಯಾಟ್ ಬೀಸಿಬಿಟ್ಟರು.

ಪಂದ್ಯವನ್ನು ಜಪಾನ್ 10–2ರಿಂದ ಗೆದ್ದಿತು, ಅದರಲ್ಲೇನೂ ಅಚ್ಚರಿಯಿಲ್ಲ. ಜನರ ನೆನಪಿನಲ್ಲಿ ಉಳಿದದ್ದು ಬೇರೆ ಸಂಗತಿ. ಜಪಾನಿನ ರೋಕಿ ಸಸಾಕಿ ಎಸೆದ ಬಿರುಸಿನ ಚೆಂಡು ಜೆಕ್ ಆಟಗಾರನೊಬ್ಬನ ಮೊಣಕಾಲಿಗೆ ಬಡಿಯಿತು. ಬಿದ್ದವನು ಎದ್ದು, ತನಗೇನೂ ಆಗಿಲ್ಲವೆಂದು ತೋರಿಸಲು ಮೈದಾನದಲ್ಲೇ ಒಂದಿಷ್ಟು ದೂರ ಓಡಿದ. ಎದುರಾಳಿಯ ಊರಿನ ಪ್ರೇಕ್ಷಕರೇ ಚಪ್ಪಾಳೆ ತಟ್ಟಿದರು. ಮುಂದೆ ಸಸಾಕಿ ಚೀಲದ ತುಂಬ ಸಿಹಿತಿಂಡಿ ಹಿಡಿದುಕೊಂಡು ಜೆಕ್ ತಂಡ ಇಳಿದಿದ್ದ ಹೋಟೆಲಿಗೇ ಹೋಗಿ ಕ್ಷಮೆ ಕೇಳಿದರು. ಒಹ್ತಾನಿ ಮುಂದಿನ ಸುತ್ತಿಗೆ ಅಮೆರಿಕದಲ್ಲಿ ವಿಮಾನದಿಂದ ಇಳಿದಾಗ ಅವರ ತಲೆಯ ಮೇಲಿದ್ದದ್ದು ಜೆಕ್ ತಂಡದ ಟೋಪಿ.

ಕ್ರಿಕೆಟ್ ಬಿಟ್ಟರೆ ಬೇರೆ ಚೆಂಡುದಾಂಡಿನಾಟ ಗೊತ್ತಿಲ್ಲದ ನಮಗೆ ಈ ಆಟದ ಲೆಕ್ಕ ಒಂದಿಷ್ಟು ತಿಳಿದಿದ್ದರೆ ಒಳ್ಳೆಯದು. ಪಿಚರ್ ನಿಂತಲ್ಲಿಂದಲೇ ಚೆಂಡೆಸೆಯುತ್ತಾನೆ; ಅವನಿಗೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೂ ನಡುವೆ 18.44 ಮೀಟರ್, ಅಂದರೆ ನಮ್ಮ ಪಿಚ್ಚಿಗಿಂತ ತುಸು ಕಡಿಮೆ. ಚೆಂಡು ನೆಲ ಮುಟ್ಟುವ ಹಾಗಿಲ್ಲ, ಎಲ್ಲವೂ ಫುಲ್‌ಟಾಸ್. ಬ್ಯಾಟು ದುಂಡಗಿನದು. ಹೊಡೆಯಬೇಕಾದ ಚೆಂಡನ್ನು ತಪ್ಪಿಸಿಕೊಂಡರೆ ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಮೂವರು ಔಟಾದರೆ ಸರದಿ ಇನ್ನೊಂದು ತಂಡದ್ದು. ಹೀಗೆ ಒಂಬತ್ತು ಇನಿಂಗ್ಸ್. ತೊಂಬತ್ತು ಡಿಗ್ರಿಯ ಮೂಲೆಯೊಳಗೇ ಹೊಡೆಯಬೇಕು. ಹೊಡೆದ ಮೇಲೆ ಓಡದೆ ವಿಧಿಯಿಲ್ಲ. ಮೂರು ಬೇಸ್ ಸುತ್ತಿ ಮನೆ ಸೇರಿದರೆ ಒಂದು ರನ್. ಹತ್ತು ಸಲದಲ್ಲಿ ಏಳು ಸಲ ಸೋತು ಮೂರು ಸಲ ಗೆಲ್ಲುವ ಬ್ಯಾಟರನ್ನು ಅಲ್ಲಿ ಶ್ರೇಷ್ಠ ಎನ್ನುತ್ತಾರೆ. ಸೋಲಿಗೆ ಇಷ್ಟು ಉದಾರವಾದ ಆಟ ಬೇರೆ ಇದೆಯೋ ಕಾಣೆ.

ಇನ್ನು ಇದು ಹಬ್ಬಿದ ದಾರಿ. ಅಮೆರಿಕ, ಕೆನಡಾ, ಮೆಕ್ಸಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಪೋರ್ಟೊರಿಕೊ, ವೆನೆಜುವೆಲಾ ಒಂದು ಕಡೆ. ಸಾಗರ ದಾಟಿದರೆ ಜಪಾನ್, ದಕ್ಷಿಣ ಕೊರಿಯಾ, ತೈವಾನ್. ಯುರೋಪಿನಲ್ಲಿ ನೆದರ್‌ಲೆಂಡ್ಸ್, ಇಟಲಿ ಬಿಟ್ಟರೆ ಉಳಿದೆಡೆ ಉಪ್ಪಿನಕಾಯಿಯಷ್ಟು. ಅಮೆರಿಕದ ಸೈನ್ಯ ಹೋದಲ್ಲೆಲ್ಲ ಆಟವೂ ಹೋಯಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಇಟಲಿಯ ನೆಟ್ಟೂನೊ ಊರಿನ ಮಟ್ಟಿಗೆ ಅದು ನಿಜ. 1944ರಲ್ಲಿ ಅಲ್ಲಿ ಇಳಿದ ಸೈನಿಕರೇ ಆಟ ಕಲಿಸಿದರು. ಆದರೆ ಫಿಲಿಪ್ಪೀನ್ಸನ್ನು ಅಮೆರಿಕ 1898ರಿಂದ 1946ರವರೆಗೆ ಹಿಡಿತದಲ್ಲಿ ಇಟ್ಟುಕೊಂಡಿತ್ತಲ್ಲ, ಅಲ್ಲಿಯ ಗಲ್ಲಿಗಲ್ಲಿಯಲ್ಲಿ ಈಗ ಕಾಣುವುದು ಬಾಸ್ಕೆಟ್‌ಬಾಲ್. ಜರ್ಮನಿಯಲ್ಲಿ ದಶಕಗಟ್ಟಲೆ ಬೀಡುಬಿಟ್ಟರೂ ಜರ್ಮನ್ನರು ಫುಟ್‌ಬಾಲ್ ಬಿಡಲಿಲ್ಲ. ಜಪಾನ್ ಮತ್ತು ಕ್ಯೂಬಾದವರಂತೂ ಅಮೆರಿಕದ ಸೈನ್ಯ ಕಾಲಿಡುವ ಎಷ್ಟೋ ಮೊದಲೇ ಈ ಆಟ ಕಲಿತಿದ್ದರು. ಯಾರೋ ಕೊಟ್ಟರೆಂದು ಒಂದು ಆಟ ಬೇರು ಬಿಡುವುದಿಲ್ಲ. ಇಸಿದುಕೊಂಡವರಿಗೆ ಅದರಿಂದ ಸಾಧಿಸಬೇಕಾದ ಏನಾದರೊಂದು ಹಟ ಇರಬೇಕು. ಬೇಸ್‌ಬಾಲಿನ ಚರಿತ್ರೆ ನೋಡಿದಷ್ಟೂ ನನಗೆ ಇದೇ ಗಟ್ಟಿಯಾಗಿದೆ.

ಜಪಾನಿಗೆ ಆಟ ಬಂದದ್ದು 1872ರಲ್ಲಿ, ಟೋಕಿಯೋದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಮೇಷ್ಟರಿಂದ. ಮಧ್ಯಾಹ್ನದ ಹೊತ್ತು ಹುಡುಗರ ಮೈಗೆ ಸ್ವಲ್ಪ ಕೆಲಸವಾಗಲಿ ಎಂಬುದಷ್ಟೇ ಅವರ ಉದ್ದೇಶ. ಹುಡುಗರು ಅದನ್ನು ಬೇರೆ ದಾರಿಗೆ ಹಚ್ಚಿದರು. ಆ ಕಾಲದಲ್ಲಿ ವಿದೇಶಿಯರು ಜಪಾನಿನ ನೆಲದಲ್ಲೇ ಇದ್ದರೂ ಜಪಾನಿನ ಕಾನೂನಿಗೆ ಒಳಪಡುತ್ತಿರಲಿಲ್ಲ. ಅಸಮಾನ ಒಪ್ಪಂದಗಳು ಇಡೀ ದೇಶವನ್ನು ಚುಚ್ಚುತ್ತಿದ್ದವು. ಯೊಕೊಹಾಮಾದಲ್ಲಿ ಬಿಳಿಯರ ಕ್ಲಬ್ಬೊಂದಿತ್ತು, ಅದರ ಮೈದಾನಕ್ಕೆ ಜಪಾನಿಯರಿಗೆ ಪ್ರವೇಶವಿರಲಿಲ್ಲ. ಟೋಕಿಯೋದ ಇಚಿಕೊ ಎಂಬ ಪ್ರತಿಷ್ಠಿತ ಶಾಲೆಯ ಹುಡುಗರು ಆ ಕ್ಲಬ್ಬಿಗೆ ಪಂದ್ಯದ ಸವಾಲು ಹಾಕುತ್ತಲೇ ಬಂದರು. ಕ್ಲಬ್ಬಿನವರು ವರ್ಷಗಳ ಕಾಲ ಮೂಗು ಮುರಿದು ಕೊನೆಗೆ 1896ರ ಮೇ ತಿಂಗಳಲ್ಲಿ ಒಪ್ಪಿಕೊಂಡರು. ಹುಡುಗರು 29–4ರಿಂದ ಗೆದ್ದರು, ಮರುಪಂದ್ಯದಲ್ಲೂ ಬಡಿದರು. ಪತ್ರಿಕೆಗಳು ಇದನ್ನು ದೇಶದ ಗೆಲುವು ಎಂದೇ ಬರೆದವು. ಅಮೆರಿಕದ ಆಟ ಜಪಾನಿನದಾದದ್ದು ಹೀಗೆ.

ಅಲ್ಲಿಂದ ಮುಂದೆ ಅದು ಶಾಲೆಗಳ ಆಟವಾಗಿಯೇ ಬೆಳೆಯಿತು. ಪ್ರೌಢಶಾಲೆಗಳ ಬೇಸಿಗೆ ಪಂದ್ಯಾವಳಿ ಶುರುವಾದದ್ದು 1915ರಲ್ಲಿ. ಅದಕ್ಕಾಗಿ ಕೋಶಿಯೆನ್ ಕ್ರೀಡಾಂಗಣ ಕಟ್ಟಿದ್ದು 1924ರಲ್ಲಿ. ಈಗ ಪ್ರತಿ ಆಗಸ್ಟಿನಲ್ಲಿ 49 ಶಾಲೆಗಳು ಅಲ್ಲಿಗೆ ಬರುತ್ತವೆ, ಸೋತವರು ಅಳುತ್ತಾ ಮೈದಾನದ ಕಪ್ಪುಮಣ್ಣನ್ನು ಬೂಟಿನ ಚೀಲಕ್ಕೆ ತುಂಬಿಕೊಂಡು ಊರಿಗೆ ಹೋಗುತ್ತಾರೆ. 1958ರಲ್ಲಿ ಓಕಿನಾವಾದ ಶುರಿ ಶಾಲೆಯ ಹುಡುಗರೂ ಹಾಗೆಯೇ ಮಣ್ಣು ತೆಗೆದುಕೊಂಡು ಹಡಗು ಹತ್ತಿದರು. ಓಕಿನಾವಾ ಆಗ ಅಮೆರಿಕದ ಆಡಳಿತದಲ್ಲಿತ್ತು, ಲೆಕ್ಕಕ್ಕೆ ಜಪಾನಿನ ಮಣ್ಣು ಹೊರದೇಶದ ಮಣ್ಣು. ಸಸ್ಯರೋಗ ತಡೆಯ ಕಾನೂನು ಮುಂದೆ ಮಾಡಿ ಬಂದರಿನಲ್ಲೇ ಮಣ್ಣನ್ನು ಸಮುದ್ರಕ್ಕೆ ಸುರಿಸಿದರು. ಸುದ್ದಿ ಓದಿದ ಗಗನಸಖಿಯೊಬ್ಬರು ಕೋಶಿಯೆನ್‌ನಿಂದ ಹರಳುಕಲ್ಲುಗಳನ್ನು ಆರಿಸಿ ಆ ಶಾಲೆಗೆ ಕಳಿಸಿದರಂತೆ. ಕಲ್ಲಿಗೆ ಆ ಕಾನೂನು ಅಡ್ಡ ಬರುವುದಿಲ್ಲವಲ್ಲ. ಆ ಕಲ್ಲುಗಳು ಇಂದಿಗೂ ಶಾಲೆಯ ಸ್ಮಾರಕದಲ್ಲಿವೆ.

ಕೋಶಿಯೆನ್ ಬಗ್ಗೆ ಎಮಾ ರಯಾನ್ ಯಮಝಾಕಿ 2019ರಲ್ಲಿ ಮಾಡಿದ ಸಾಕ್ಷ್ಯಚಿತ್ರವೊಂದಿದೆ. ಅದರಲ್ಲಿ ಗೆಲುವಿನ ಕುಣಿದಾಟಕ್ಕಿಂತ ಹುಡುಗರು ಸಾಲಾಗಿ ನಿಂತು ಕೂಗಿ ನಮಸ್ಕರಿಸುವುದು, ತಲೆ ನುಣ್ಣಗೆ ಬೋಳಿಸಿಕೊಳ್ಳುವುದು, ಕೋಚ್ ಬೈಯುವುದು ಇವೇ ಹೆಚ್ಚು. ಆಟವೋ ಗುರುಕುಲವೋ ತಿಳಿಯದು. 2023ರಲ್ಲಿ ಕೇಯೊ ಶಾಲೆಯ ಹುಡುಗರು ಕ್ರಾಪು ಬಿಟ್ಟುಕೊಂಡೇ ಆಡಿ 107 ವರ್ಷಗಳ ಮೇಲೆ ಪ್ರಶಸ್ತಿ ಗೆದ್ದಾಗ ಜಪಾನಿನಲ್ಲಿ ಆಟಕ್ಕಿಂತ ಕೂದಲಿನದೇ ದೊಡ್ಡ ಚರ್ಚೆಯಾಯಿತು.

ತೈವಾನಿನ ಕಥೆ ಇನ್ನೂ ತೊಡಕಿನದು. 1895ರಿಂದ 1945ರವರೆಗೆ ಆ ದ್ವೀಪ ಜಪಾನಿನ ವಸಾಹತು. ಆಳುವವರು ತಂದ ಆಟ, ಆಳಿಸಿಕೊಂಡವರು ಕಲಿತರು. 1931ರಲ್ಲಿ ಚಿಯಾಯಿ ಊರಿನ ಕೃಷಿ ಮತ್ತು ಅರಣ್ಯ ಶಾಲೆಯ ತಂಡ ಕೋಶಿಯೆನ್‌ನ ಫೈನಲ್ ತಲುಪಿತು. ಜಪಾನಿ ಹುಡುಗರು, ಚೀನೀ ಮೂಲದ ತೈವಾನಿಗಳು, ಅಲ್ಲಿಯ ಆದಿವಾಸಿಗಳು ಮೂವರೂ ಇದ್ದ ತಂಡ. ಫೈನಲ್‌ನಲ್ಲಿ 0–4ರಿಂದ ಸೋತರು, ಆದರೆ ಜಪಾನಿನ ಪ್ರೇಕ್ಷಕರ ಮನಸ್ಸನ್ನು ಗೆದ್ದರು. ಈ ಕಥೆಯೇ 2014ರ ‘ಕಾನೊ’ ಚಿತ್ರ. ಮೂರು ಗಂಟೆಯ ಸಿನಿಮಾ, ಮಾತು ಬಹುಪಾಲು ಜಪಾನಿ. ಬೆರಳು ಸೀಳಿ ರಕ್ತ ಒಸರುತ್ತಿದ್ದರೂ ಪಿಚರ್ ಚೆಂಡೆಸೆಯುವ ಕೊನೆಯ ಭಾಗ ನೋಡುವಾಗ ಕುರ್ಚಿಯ ತುದಿಗೆ ಬಂದು ಕೂರುತ್ತೇವೆ.

ನೋಡಿ ಮುಗಿಸಿದ ಮೇಲೆ ಮಾತ್ರ ಒಂದು ಪ್ರಶ್ನೆ ಕಾಡುತ್ತದೆ. ವಸಾಹತು ಇಷ್ಟು ಚೆಂದವಾಗಿತ್ತೇ? ಕಾಲುವೆ ಕಟ್ಟಿಸಿದ ಜಪಾನಿ ಎಂಜಿನಿಯರ್, ಕಟ್ಟುನಿಟ್ಟಿನ ಆದರೆ ಮನಸ್ಸು ಒಳ್ಳೆಯದಿರುವ ಜಪಾನಿ ಕೋಚ್ ಎಲ್ಲರೂ ದೇವರಂಥವರು. ಆ ಪಂದ್ಯದ ಹಿಂದಿನ ವರ್ಷವೇ, 1930ರಲ್ಲಿ, ವುಶೆ ಎಂಬಲ್ಲಿ ಆದಿವಾಸಿಗಳು ಜಪಾನಿಯರ ವಿರುದ್ಧ ದಂಗೆ ಎದ್ದು ನೂರಾರು ಜನ ಸತ್ತಿದ್ದರು. ತಮಾಷೆ ಎಂದರೆ ಆ ದಂಗೆಯ ಬಗ್ಗೆ ‘ಸೀಡಿಕ್ ಬಾಲೆ’ ಎಂಬ ಚಿತ್ರ ನಿರ್ದೇಶಿಸಿದ ವೇ ತೇ-ಶೆಂಗ್ ಅವರೇ ‘ಕಾನೊ’ದ ನಿರ್ಮಾಪಕರು, ಅದರಲ್ಲಿ ನಟಿಸಿದ್ದ, ಸ್ವತಃ ಸೀಡಿಕ್ ಜನಾಂಗದ ಉಮಿನ್ ಬೋಯಾ ಇದರ ನಿರ್ದೇಶಕರು. ವಸಾಹತನ್ನು ಹೊಗಳಿದ್ದೀರಿ ಎಂದು ತೈವಾನಿನಲ್ಲಿ ಟೀಕೆ ಬಂತು. ಟೀಕೆಯಲ್ಲಿ ಹುರುಳಿದೆ. ಹಾಗೆಂದು ಆ ಹುಡುಗರು ಆಡಿದ್ದು ಸುಳ್ಳಾಗುವುದಿಲ್ಲ; ಆಳುವವನ ಮೈದಾನದಲ್ಲಿ ಅವನ ಆಟವನ್ನೇ ಆಡಿ ಸರಿಸಮ ನಿಲ್ಲುವುದರಲ್ಲಿ ಒಂದು ಸೊಕ್ಕಿದೆ. ನಮ್ಮ ‘ಲಗಾನ್’ ಕಟ್ಟುಕಥೆಯಾದರೂ ಅದರ ಗೆಲುವಿನಲ್ಲಿದ್ದದ್ದು ಇದೇ ಸೊಕ್ಕು.

ತೈವಾನ್ ಆ ಆಟವನ್ನು ಆಮೇಲೆ ಬಿಡಲಿಲ್ಲ. 1968ರಲ್ಲಿ ಹೊಂಗ್‌ಯೆ ಎಂಬ ಬೆಟ್ಟದ ಹಳ್ಳಿಯ ಆದಿವಾಸಿ ಮಕ್ಕಳು ಜಪಾನಿನಿಂದ ಬಂದ ತಂಡವನ್ನು ಸೋಲಿಸಿದರು. 1969ರಿಂದ 1996ರೊಳಗೆ ಅಮೆರಿಕದಲ್ಲಿ ನಡೆಯುವ ಮಕ್ಕಳ ಲಿಟಲ್ ಲೀಗ್ ವಿಶ್ವ ಸರಣಿಯನ್ನು ತೈವಾನ್ 17 ಸಲ ಗೆದ್ದಿತು. ವಿಶ್ವಸಂಸ್ಥೆಯಲ್ಲಿ ಕುರ್ಚಿ ಕಳೆದುಕೊಂಡ, ಸ್ವಂತ ಹೆಸರಿನಲ್ಲಿ ಒಲಿಂಪಿಕ್ಸಿಗೆ ಹೋಗಲಾಗದ ದೇಶಕ್ಕೆ ನಡುರಾತ್ರಿ ಟಿ.ವಿ. ಮುಂದೆ ಕೂತು ನೋಡಲು ಸಿಕ್ಕ ಹೆಮ್ಮೆ ಅದು. ಅವರ 500 ಡಾಲರ್ ನೋಟಿನ ಮೇಲೆ ಈಗಿರುವುದು ಯಾವ ನಾಯಕನೂ ಅಲ್ಲ, ಟೋಪಿ ಗಾಳಿಗೆ ತೂರಿ ಕುಣಿಯುವ ಶಾಲಾ ತಂಡ. 2024ರ ನವೆಂಬರಿನಲ್ಲಿ ಪ್ರೀಮಿಯರ್12 ಪಂದ್ಯಾವಳಿಯ ಫೈನಲ್‌ನಲ್ಲಿ ಜಪಾನನ್ನು ಟೋಕಿಯೋದಲ್ಲೇ 4–0ರಿಂದ ಸೋಲಿಸಿದರು. 1931ರ ಸ್ಕೋರು ತಿರುಗುಮುರುಗಾಯಿತು.

ಕೊರಿಯಾಕ್ಕೆ ಆಟ ಒಯ್ದದ್ದು ವೈ.ಎಂ.ಸಿ.ಎ. ಪಾದ್ರಿಗಳು, 1905ರ ಹೊತ್ತಿಗೆ. 2002ರ ‘ವೈ.ಎಂ.ಸಿ.ಎ. ಬೇಸ್‌ಬಾಲ್ ತಂಡ’ ಎಂಬ ಹಾಸ್ಯಚಿತ್ರದಲ್ಲಿ ಸಾಂಗ್ ಕಾಂಗ್-ಹೊ ಒಬ್ಬ ಓದಿದ ಯುವಕ. ಸರ್ಕಾರಿ ಹುದ್ದೆಯ ಪರೀಕ್ಷೆಗೆ ತಯಾರಾಗಿದ್ದಾನೆ, ಆದರೆ ಪರೀಕ್ಷೆಯನ್ನೇ ರದ್ದು ಮಾಡಿದ್ದಾರೆ. ಮಾಡಲು ಕೆಲಸವಿಲ್ಲದೆ ಬ್ಯಾಟ್ ಹಿಡಿಯುತ್ತಾನೆ. ಕೆ.ಪಿ.ಎಸ್‌.ಸಿ. ಅಧಿಸೂಚನೆಗೆ ಕಾದು ಸುಸ್ತಾದವರಿಗೆ ಈ ಚಿತ್ರ ಇನ್ನೂ ಚೆನ್ನಾಗಿ ಅರ್ಥವಾದೀತು. ಅಲ್ಲಿಯ ವೃತ್ತಿಪರ ಲೀಗ್ 1982ರಲ್ಲಿ ಸೇನಾಡಳಿತದ ಆಶೀರ್ವಾದದಿಂದ ಶುರುವಾಯಿತು. 2024ರಲ್ಲಿ ಮೊದಲ ಬಾರಿಗೆ ವರ್ಷದ ಪ್ರೇಕ್ಷಕರ ಸಂಖ್ಯೆ ಒಂದು ಕೋಟಿ ದಾಟಿತು.

ಕೆರಿಬಿಯನ್ ಕಡೆ ಹೊರಟರೆ ಮೊದಲು ಸಿಗುವುದು ಕ್ಯೂಬಾ. 1860ರ ದಶಕದಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಓದಿ ಮರಳಿದ ಹುಡುಗರ ಪೆಟ್ಟಿಗೆಯಲ್ಲಿ ಬ್ಯಾಟೂ ಚೆಂಡೂ ಬಂದವು. ಆಳುತ್ತಿದ್ದ ಸ್ಪೇನಿನವರಿಗೆ ಗೂಳಿಕಾಳಗ ಪ್ರಿಯ. ಅದು ಬೇಡ, ಇದು ಬೇಕು ಎನ್ನುವುದೇ ಬಂಡಾಯವಾಯಿತು. ಕ್ಯೂಬನ್ ಲೀಗ್ ಕಟ್ಟಿದವರಲ್ಲೊಬ್ಬರಾದ ಎಮಿಲಿಯೊ ಸಬೌರಿನ್ ಸ್ವಾತಂತ್ರ್ಯ ಹೋರಾಟಕ್ಕಾಗಿ ಜೈಲು ಸೇರಿ 1897ರಲ್ಲಿ ಅಲ್ಲೇ ತೀರಿಕೊಂಡರು. ಯುದ್ಧದಿಂದ ತಪ್ಪಿಸಿಕೊಂಡು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೋದ ಕ್ಯೂಬನ್ನರು ಅಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು, ಆಟವನ್ನೂ ಹಬ್ಬಿಸಿದರು.

ಇಲ್ಲೊಂದು ಸ್ವಾರಸ್ಯವಿದೆ, ಕ್ರಿಕೆಟ್ ಮಂದಿ ಕಿವಿಗೊಡಬೇಕು. ಆ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಬಂದವರು ಬ್ರಿಟಿಷ್ ಆಳ್ವಿಕೆಯ ಸಣ್ಣಪುಟ್ಟ ದ್ವೀಪಗಳ ಕರಿಯರು. ಅವರ ಆಟ ಕ್ರಿಕೆಟ್. ಸ್ಯಾನ್ ಪೆದ್ರೊ ದೆ ಮಕೊರೀಸ್ ಎಂಬ ಊರಿನ ಸಕ್ಕರೆ ಕಾರ್ಖಾನೆಗಳ ಆಸುಪಾಸು ಅವರು ಕ್ರಿಕೆಟ್ಟೇ ಆಡುತ್ತಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಬೇಸ್‌ಬಾಲಿಗೆ ಹೊರಳಿದರು. ರಿಕೊ ಕಾರ್ಟಿ, ಜಾರ್ಜ್ ಬೆಲ್, ಆಲ್ಫ್ರೆಡೊ ಗ್ರಿಫಿನ್ ಇಂಥ ಮನೆತನಗಳವರು. ಅವರ ಹೆಸರುಗಳು ಸ್ಪ್ಯಾನಿಶ್ ನಾಡಿನಲ್ಲಿ ಇಂಗ್ಲಿಷಿನಂತೆ ಕೇಳಿಸುವುದು ಅದಕ್ಕೇ. ಅಜ್ಜಂದಿರು ಬೇರೆ ಹಡಗು ಹತ್ತಿದ್ದರೆ ಇವರು ವೆಸ್ಟ್ ಇಂಡೀಸ್ ತಂಡದಲ್ಲಿರುತ್ತಿದ್ದರೋ ಏನೋ.

ಇವತ್ತು ಅಮೆರಿಕದ ಮೇಜರ್ ಲೀಗಿನಲ್ಲಿ ಹತ್ತರಲ್ಲೊಬ್ಬ ಆಟಗಾರ ಡೊಮಿನಿಕನ್. ಆ ದೇಶದ ಜನಸಂಖ್ಯೆ ಬೆಂಗಳೂರಿನಷ್ಟೂ ಇಲ್ಲ. ಮೇಜರ್ ಲೀಗಿನ ಮೂವತ್ತೂ ತಂಡಗಳು ಅಲ್ಲಿ ಅಕಾಡೆಮಿ ನಡೆಸುತ್ತವೆ. ಹದಿನಾರು ತುಂಬಿದ ಹುಡುಗನಿಂದ ಸಹಿ ಹಾಕಿಸಿಕೊಳ್ಳುತ್ತವೆ. ಹುಡುಗನನ್ನು ಚಿಕ್ಕಂದಿನಿಂದ ತಯಾರು ಮಾಡಿದ ಸ್ಥಳೀಯ ತರಬೇತುದಾರ ಬಂದ ಹಣದಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಹ್ವಾನ್ ಸೋಟೊ ಹದಿನಾರನೇ ವಯಸ್ಸಿನಲ್ಲಿ 15 ಲಕ್ಷ ಡಾಲರಿಗೆ ಸಹಿ ಹಾಕಿದ ಹುಡುಗ. 2024ರ ಕೊನೆಗೆ ನ್ಯೂಯಾರ್ಕ್ ಮೆಟ್ಸ್ ತಂಡ ಹದಿನೈದು ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟು ಒಹ್ತಾನಿಯ ದಾಖಲೆಯನ್ನೂ ದಾಟಿಸಿತು. ಒಬ್ಬ ಸೋಟೊನ ಹಿಂದೆ ಶಾಲೆ ಬಿಟ್ಟು, ಮೇಜರ್ ಲೀಗ್ ಮುಟ್ಟದೆ ಹಿಂದಿರುಗಿದ ನೂರಾರು ಹುಡುಗರಿದ್ದಾರೆ. ಅವರ ಬಗ್ಗೆ ದೊಡ್ಡ ಸಿನಿಮಾ ಯಾರು ಮಾಡುತ್ತಾರೆ?

ಸಣ್ಣ ಸಿನಿಮಾ ಒಂದಿದೆ, 2008ರ ‘ಶುಗರ್’. ಆನಾ ಬೋಡೆನ್, ರಯಾನ್ ಫ್ಲೆಕ್ ಜೋಡಿಯದು. ಇದೇ ಜೋಡಿ ಮುಂದೆ ‘ಕ್ಯಾಪ್ಟನ್ ಮಾರ್ವೆಲ್’ ಮಾಡಿತೆಂದರೆ ನಂಬುವುದು ಕಷ್ಟ. ಬೇಸ್‌ಬಾಲಿನ ಸಿನಿಮಾಗಳಲ್ಲಿ ನನಗೆ ಇದರಷ್ಟು ಹಿಡಿಸಿದ್ದು ಇನ್ನೊಂದಿಲ್ಲ. ಸ್ಯಾನ್ ಪೆದ್ರೊದ ಮಿಗೆಲ್ ಎಂಬ ಪಿಚರ್ ಅಮೆರಿಕದ ಅಯೋವಾ ರಾಜ್ಯದ ಕೆಳಹಂತದ ತಂಡಕ್ಕೆ ಆಯ್ಕೆಯಾಗುತ್ತಾನೆ. ಜೋಳದ ಹೊಲಗಳ ನಡುವೆ ಒಬ್ಬ ವಯಸ್ಸಾದ ರೈತ ದಂಪತಿಯ ಮನೆಯಲ್ಲಿ ಅವನ ವಾಸ. ಒಳ್ಳೆಯ ಜನವೇ, ಊಟ ಹಾಕುತ್ತಾರೆ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿಸುತ್ತಾರೆ, ಆಟದ ಬಗ್ಗೆ ಬುದ್ಧಿಯನ್ನೂ ಹೇಳುತ್ತಾರೆ. ಹುಡುಗನಿಗೆ ಮಾತ್ರ ಯಾರೊಂದಿಗೂ ಎರಡು ಮಾತು ಆಡಲಾಗದು. ಹೋಟೆಲಿಗೆ ಹೋದರೆ ಅವನಿಗೂ ಗೆಳೆಯರಿಗೂ ಬರುವ ಒಂದೇ ತಿಂಡಿಯ ಹೆಸರು ಫ್ರೆಂಚ್ ಟೋಸ್ಟ್, ದಿನವೂ ಅದನ್ನೇ ತಿನ್ನುತ್ತಾರೆ. ಒಂದು ದಿನ ಮೊಟ್ಟೆ ಕೇಳುತ್ತಾನೆ, ಹೇಗೆ ಬೇಕು ಎಂದರೆ ಉತ್ತರವಿಲ್ಲ. ಬಡಿಸುವ ಹೆಂಗಸು ಒಳಗೆ ಹೋಗಿ ಬೇರೆಬೇರೆ ಬಗೆಯಲ್ಲಿ ಬೇಯಿಸಿದ ಮೊಟ್ಟೆಗಳನ್ನು ಒಂದೇ ತಟ್ಟೆಯಲ್ಲಿ ತಂದಿಟ್ಟು ಒಂದೊಂದಕ್ಕೂ ಹೆಸರು ಹೇಳಿಕೊಡುತ್ತಾಳೆ. ಇಡೀ ಚಿತ್ರದಲ್ಲಿ ಅವನಿಗೆ ಯಾರಾದರೂ ಏನಾದರೂ ಕಲಿಸಿದ್ದು ಅಷ್ಟೇ ಎನ್ನಿಸುತ್ತದೆ.

ಮಿಗೆಲ್‌ನ ಆಟ ಕೈಕೊಡುತ್ತದೆ. ಅವನು ಯಾರಿಗೂ ಹೇಳದೆ ನ್ಯೂಯಾರ್ಕಿಗೆ ಬಸ್ ಹತ್ತುತ್ತಾನೆ. ಅಲ್ಲಿಂದ ಮುಂದಿನದು ಬಾಡಿಗೆಗೆ ನೆಲೆಯೂರುವ ಜಾಗ ಹುಡುಕುವವನ ಕಥೆ. ಕೊನೆಗೆ ಪಾರ್ಕೊಂದರಲ್ಲಿ ಭಾನುವಾರದ ಆಟ. ಅಲ್ಲಿರುವವರೆಲ್ಲ ಒಂದಲ್ಲ ಒಂದು ತಂಡದಿಂದ ಹೊರಬಿದ್ದವರು. ಪಾತ್ರ ಮಾಡಿದ ಅಲ್ಹೆನಿಸ್ ಪೆರೆಸ್ ಸೋಟೊ ನಟನೇ ಅಲ್ಲ, ಸ್ಯಾನ್ ಪೆದ್ರೊದಲ್ಲಿ ಆಡುತ್ತಿದ್ದಾಗ ಕಣ್ಣಿಗೆ ಬಿದ್ದವರು.

ಕೆಳಹಂತದ ಲೀಗುಗಳಲ್ಲಿ ವಸತಿ ಸಿನಿಮಾಕ್ಕಿಂತ ಕೆಟ್ಟದಾಗಿತ್ತು. ಸಂಬಳ ಕೆಲವರಿಗೆ ವರ್ಷಕ್ಕೆ 11,000 ಡಾಲರ್. ಅಂಥವರು ಐದಾರು ಜನ ಸೇರಿ ಎರಡು ಕೋಣೆಯ ಮನೆ ಹಿಡಿದು ನೆಲದ ಮೇಲೆ ಗಾಳಿಹಾಸಿಗೆ ಹಾಕಿ ಮಲಗುತ್ತಿದ್ದರು. ಮನೆಯ ಕರಾರು ಹನ್ನೆರಡು ತಿಂಗಳದ್ದು, ಆಟದ ಋತು ಐದಾರು ತಿಂಗಳು. ಮೇಲಿನ ಹಂತಕ್ಕೋ ಕೆಳಗಿನ ಹಂತಕ್ಕೋ ವರ್ಗವಾದರೆ ಮರುದಿನವೇ ಬೇರೆ ಊರು, ಹಳೆಯ ಬಾಡಿಗೆ ತಲೆಯ ಮೇಲೆ. ಆಟಗಾರರ ಪರ ಸಂಘಟನೆಗಳು ಗಲಾಟೆ ಎಬ್ಬಿಸಿದ ಮೇಲೆ 2022ರ ಋತುವಿನಿಂದ ತಂಡಗಳೇ ಮನೆ ಕೊಡಬೇಕೆಂಬ ನಿಯಮ ಬಂತು. ಒಂದು ಕೋಣೆಗೆ ಇಬ್ಬರಿಗಿಂತ ಹೆಚ್ಚಿಲ್ಲ, ಒಬ್ಬನಿಗೊಂದು ಮಂಚ, ಕುರ್ಚಿ ಮೇಜು ಸಮೇತ. ಆ ವರ್ಷವೇ ಅವರು ಒಕ್ಕೂಟ ಸೇರಿದರು, 2023ರಿಂದ ಸಂಬಳ ಎರಡು ಪಟ್ಟಿಗೂ ಮೇಲೆ ಹೋಯಿತು.

ಕೋಟಿಗಟ್ಟಲೆ ವಹಿವಾಟಿನ ಲೀಗಿನಲ್ಲಿ ಒಬ್ಬನಿಗೊಂದು ಮಂಚ ಎಂದು ಕಾಗದದಲ್ಲಿ ಬರೆಸಿಕೊಳ್ಳಲು 2022 ಬರಬೇಕಾಯಿತು. ಓದಲು ಹೋದ ನಮ್ಮ ಮಕ್ಕಳಿಗೆ ಹಾಗೆ ಬರೆದುಕೊಡುವವರೂ ಇಲ್ಲ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ, ಬೇರೆ ಯಾವ ದೇಶದವರಿಗಿಂತಲೂ ಹೆಚ್ಚು. ಎಂ.ಎಸ್. ಮಾಡಲು ಹೋದ ಮಗನಿಗೋ ಮಗಳಿಗೋ ಮನೆ ಹುಡುಕಿದ ತಂದೆತಾಯಿಗೆ ಈ ತೊಡಕು ಗೊತ್ತು. ಮನೆಯ ಮಾಲೀಕ ಮೊದಲು ಕೇಳುವುದು ಕ್ರೆಡಿಟ್ ಸ್ಕೋರ್. ನಿನ್ನೆ ವಿಮಾನ ಇಳಿದವನಿಗೆ ಅದೆಲ್ಲಿಂದ ಬರಬೇಕು? ಅಲ್ಲೇ ಇರುವ ಯಾರಾದರೂ ಜಾಮೀನು ಹಾಕಬೇಕು, ಇಲ್ಲವೇ ಹೆಚ್ಚಿನ ಅಡ್ವಾನ್ಸ್ ತೆರಬೇಕು. ಆದ್ದರಿಂದಲೇ ಸೀನಿಯರ್‌ಗಳ ವಾಟ್ಸ್ಆ್ಯಪ್ ಗುಂಪು, ಇಬ್ಬರ ಮನೆಯಲ್ಲಿ ನಾಲ್ವರು, ನಡುಮನೆಯಲ್ಲಿ ಮಲಗುವವನಿಗೆ ಬಾಡಿಗೆ ಕಡಿಮೆ. ನೆದರ್‌ಲೆಂಡ್ಸಿನ ಕಡೆ ಮನೆಯ ಬರ ಎಷ್ಟೆಂದರೆ ವಸತಿ ಗೊತ್ತಾಗದಿದ್ದರೆ ಹೊರಟು ಬರಬೇಡಿ ಎಂದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯವೇ ವಿದೇಶಿ ವಿದ್ಯಾರ್ಥಿಗಳಿಗೆ ಹೇಳಿದೆ. ಇಲ್ಲಿಂದಲೇ ಫೋಟೊ ನೋಡಿ ಹಣ ಕಳಿಸಿ, ಅಲ್ಲಿ ಹೋದಾಗ ಆ ವಿಳಾಸದಲ್ಲಿ ಅಂಥ ಮನೆಯೇ ಇಲ್ಲದಿರುವ ಮೋಸವೂ ಮಾಮೂಲಿ. ಸೀಟು ಸಿಕ್ಕ ದಿನವೇ ಕ್ಯಾಂಪಸ್ ಹಾಸ್ಟೆಲಿಗೆ ಅರ್ಜಿ ಹಾಕುವುದು, ಯಾರಾದರೂ ಗುರುತಿನವರು ಕಣ್ಣಾರೆ ನೋಡಿ ಬರುವವರೆಗೆ ದುಡ್ಡು ಕಳಿಸದಿರುವುದು, ಇವಿಷ್ಟು ಮಾಡಿದರೆ ಅರ್ಧ ತಲೆನೋವು ಕಡಿಮೆ.

ಮನೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಒಹ್ತಾನಿ ಆಡುವ ಡಾಡ್ಜರ್ ಕ್ರೀಡಾಂಗಣ ನಿಂತಿರುವುದೇ ಮನೆ ಕಳೆದುಕೊಂಡವರ ನೆಲದ ಮೇಲೆ. ಅಲ್ಲಿದ್ದ ಮೂರು ಮೆಕ್ಸಿಕನ್ ಬಡಾವಣೆಗಳನ್ನು 1950ರ ದಶಕದ ಮೊದಲಲ್ಲಿ ಸರ್ಕಾರಿ ವಸತಿ ಕಟ್ಟುತ್ತೇವೆಂದು ತೆರವು ಮಾಡಿಸಿದರು. ವಸತಿ ಯೋಜನೆ ಕೈಬಿಟ್ಟರು, ಜಾಗ ಡಾಡ್ಜರ್ಸ್ ಪಾಲಾಯಿತು. 1959ರಲ್ಲಿ ಉಳಿದವರನ್ನು ಪೊಲೀಸರು ಎತ್ತಿ ಹೊರಗೆ ಹಾಕಿದ್ದನ್ನು ಟಿ.ವಿ.ಯಲ್ಲಿ ಜನ ನೋಡಿದರು. ಆ ನೋವು ಮೆಕ್ಸಿಕನ್ನರನ್ನು ಬಹುಕಾಲ ಕ್ರೀಡಾಂಗಣದಿಂದ ದೂರವಿಟ್ಟಿತು. 1981ರಲ್ಲಿ ಸೊನೋರಾದ ಹಳ್ಳಿಯಿಂದ ಬಂದ ಫರ್ನಾಂಡೊ ವಲೆನ್ಸುಯೇಲಾ ಎಂಬ ಇಪ್ಪತ್ತರ ಪಿಚರ್ ಒಂದೇ ಸಮನೆ ಗೆಲ್ಲತೊಡಗಿದಾಗ ಅವರು ಮಕ್ಕಳುಮರಿ ಸಮೇತ ಒಳಗೆ ಬಂದರು.

ಭಾರತದ ಸರದಿ. 2008ರಲ್ಲಿ ಜೆ.ಬಿ. ಬರ್ನ್‌ಸ್ಟೈನ್ ಎಂಬ ಏಜೆಂಟ್ ಇಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಟಿ.ವಿ. ಸ್ಪರ್ಧೆ ನಡೆಸಿದರು. ನೂರು ಕೋಟಿ ಜನರಲ್ಲಿ ವೇಗವಾಗಿ ಎಸೆಯುವ ಒಬ್ಬನಾದರೂ ಸಿಗನೇ ಎಂಬುದು ಅವರ ಲೆಕ್ಕ. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಸಿಕ್ಕರು. ಇಬ್ಬರೂ ಕ್ರಿಕೆಟಿಗರಲ್ಲ, ಜಾವೆಲಿನ್ ಎಸೆಯುವವರು. ಅದೇ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರಿಗೆ ಒಪ್ಪಂದ ಕೊಟ್ಟಿತು. ಯಾರೂ ಮೇಜರ್ ಲೀಗ್ ಮುಟ್ಟಲಿಲ್ಲ. ದಿನೇಶ್ 2010ರಲ್ಲಿ ಹಿಂದಿರುಗಿದರು. ರಿಂಕು ಕೆಲವು ವರ್ಷ ಪಟ್ಟುಬಿಡದೆ ಆಡಿ ಕೊನೆಗೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋಗಿ ವೀರ್ ಮಹಾನ್ ಆದರು. ಇವರ ಕಥೆಯನ್ನೇ ಹೇಳುವ 2014ರ ಡಿಸ್ನಿ ಚಿತ್ರದಲ್ಲಿ ಎ.ಆರ್. ರೆಹಮಾನ್ ಸಂಗೀತವಿದೆ, ನೋಡಿಸಿಕೊಂಡು ಹೋಗುತ್ತದೆ. ಆದರೆ ಕಥೆಯ ನಾಯಕ ಏಜೆಂಟ್. ಹುಡುಗರು ಅವನ ಮನಸ್ಸು ತಿದ್ದಲು ಬಂದ ಅತಿಥಿಗಳು.

ಅದರ ಹಿಂದಿನ ವರ್ಷ ಬಂದ, ಹೆಚ್ಚು ಜನ ನೋಡದ ಸಾಕ್ಷ್ಯಚಿತ್ರವೊಂದಿದೆ, ಮೀರಾ ಬ್ಯಾಂಕ್ ಅವರ ‘ದಿ ಓನ್ಲಿ ರಿಯಲ್ ಗೇಮ್’. ನಡೆಯುವುದು ಮಣಿಪುರದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿಯ ವಿಮಾನ ನೆಲೆಗಳಲ್ಲಿದ್ದ ಅಮೆರಿಕನ್ನರಿಂದ ಜನ ಈ ಆಟ ಕಲಿತರು. ಅಮೆರಿಕನ್ನರು ಹೋದರು, ಆಟ ಹೋಗಲಿಲ್ಲ. ಕರ್ಫ್ಯೂ, ಸೇನಾ ವಿಶೇಷಾಧಿಕಾರ ಕಾಯ್ದೆ, ಬಂದ್‌ಗಳ ನಡುವೆ ಗಂಡಸರೂ ಹೆಂಗಸರೂ ಆಡಿದರು. ಚಿತ್ರದಲ್ಲಿ ಮೇಜರ್ ಲೀಗಿನ ಇಬ್ಬರು ಕೋಚ್‌ಗಳು ಬಂದು ಕಲಿಸುತ್ತಾರೆ. ಕಲಿಯುವವರಿಗೆ ಕೋಟಿಯ ಒಪ್ಪಂದದ ಕನಸಿಲ್ಲ. ಸರಿಯಾದ ಒಂದು ಮೈದಾನ ಸಿಕ್ಕರೆ ಸಾಕಾಗಿದೆ. ಟಿ.ವಿ. ಸ್ಪರ್ಧೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚೆಂಡೆಸೆದರೂ ಅವರ ಊರುಗಳಲ್ಲಿ ಬೇಸ್‌ಬಾಲ್ ಹುಟ್ಟಲಿಲ್ಲ, ಇಂಫಾಲದಲ್ಲಿ ಯಾರೂ ಕೇಳದೆ ಎಪ್ಪತ್ತು ವರ್ಷ ಉಳಿಯಿತು. ಈಗ ದುಬೈನಲ್ಲಿ ಬೇಸ್‌ಬಾಲ್ ಯುನೈಟೆಡ್ ಎಂಬ ಲೀಗ್ ಶುರುವಾಗಿ ಮುಂಬೈ ಕೋಬ್ರಾಸ್, ಕರಾಚಿ ಮೊನಾರ್ಕ್ಸ್ ಎಂಬ ತಂಡಗಳು ಆಡುತ್ತಿವೆ. ತಂಡದ ಹೆಸರಿನಲ್ಲಿ ಮುಂಬೈ ಇದ್ದ ಮಾತ್ರಕ್ಕೆ ಶಿವಾಜಿ ಪಾರ್ಕಿನ ಹುಡುಗ ಗ್ಲೌಸ್ ಕೊಳ್ಳುತ್ತಾನೆಂದು ನನಗೆ ನಂಬಿಕೆಯಿಲ್ಲ.

ಈ ನಡುವೆ ಎದುರು ದಿಕ್ಕಿನ ಸಂಚಾರವೂ ಶುರುವಾಗಿದೆ. ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿಯಲ್ಲಿದ್ದ ಬೇಸ್‌ಬಾಲ್ ಕ್ರೀಡಾಂಗಣವನ್ನು ಕ್ರಿಕೆಟ್ಟಿಗೆ ತಿದ್ದಿ ಕಟ್ಟಿದರು; 2024ರ ಟಿ20 ವಿಶ್ವಕಪ್ಪಿನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದ್ದು ಅಲ್ಲೇ. ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ ಓಕ್‌ಲೆಂಡ್ ಬಿಟ್ಟು ಹೋದ ಮೇಲೆ ಅದರ ಹಳೆಯ ಕೊಲಿಸಿಯಂನಲ್ಲಿ 2025ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳು ನಡೆದವು, ಆ ಸುತ್ತಿನ ಐ.ಟಿ. ಮಂದಿ ಟಿಕೆಟ್ ಕೊಂಡು ಕೂತರು. ಇದು ಹೊಸದೇನಲ್ಲ ಬಿಡಿ, ಕ್ರಿಕೆಟ್ಟಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ 1844ರಲ್ಲಿ ನ್ಯೂಯಾರ್ಕಿನಲ್ಲೇ ನಡೆದದ್ದು, ಅಮೆರಿಕಕ್ಕೂ ಕೆನಡಾಕ್ಕೂ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಬೇಸ್‌ಬಾಲ್ ಮತ್ತು ಕ್ರಿಕೆಟ್ ಎರಡನ್ನೂ ಸೇರಿಸುವ ತೀರ್ಮಾನ ಒಂದೇ ದಿನ ಆಯಿತು, ಅದೂ 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಬೇಸ್‌ಬಾಲ್ ಡಾಡ್ಜರ್ ಕ್ರೀಡಾಂಗಣದಲ್ಲಿ, ಕ್ರಿಕೆಟ್ ಪೊಮೋನಾದ ಜಾತ್ರೆ ಮೈದಾನದಲ್ಲಿ. ನಡುವೆ ಸುಮಾರು 50 ಕಿ.ಮೀ. ದಾರಿ, ಎರಡನ್ನೂ ಒಂದೇ ದಿನ ನೋಡುವ ಆಸೆಯಿದ್ದವರು ಲಾಸ್ ಏಂಜಲೀಸಿನ ಹೆದ್ದಾರಿ ಟ್ರಾಫಿಕ್ ಲೆಕ್ಕ ಹಾಕಿಕೊಂಡೇ ಟಿಕೆಟ್ ಕೊಳ್ಳಬೇಕು.